ಅಪಾಯದ ಗಣನೆ: ಒಂದು ವಿಮರ್ಶೆ

ಚಿಕಿತ್ಸೆಯಿಂದ ಲಭಿಸುವ ಪ್ರಯೋಜನವನ್ನು ಯಾವ ಬಗೆಯ ಸಂಖ್ಯೆಯಲ್ಲಿ ತಿಳಿಸಬೇಕೆಂಬ ಪ್ರಶ್ನೆ ಸಂಖ್ಯಾಶಾಸ್ತ್ರಜ್ಞರಿಗೆ ಮಾತ್ರ ಸೇರಿದ್ದೆಂದು ಮೇಲ್ನೋಟಕ್ಕೆ ತೋರಬಹುದು. ಅದು ರೋಗಿಯ ಸಮ್ಮತಿಗೇ ಸಂಬಂಧಿಸಿದ ಪ್ರಶ್ನೆಯೆಂಬುದನ್ನು ಜರ್ಮನಿಯ ಮನಶ್ಶಾಸ್ತ್ರಜ್ಞ ಗೆರ್ಡ್ ಗಿಗರೆನ್ಸರ್ ಅವರು ೨೦೦೨ರಲ್ಲಿ ಪ್ರಕಟವಾದ ‘ಕ್ಯಾಲ್ಕ್ಯುಲೇಟೆಡ್ ರಿಸ್ಕ್ಸ್’ ಎಂಬ ಗ್ರಂಥದಲ್ಲಿ ವಿಶದಪಡಿಸಿದ್ದಾರೆ.

ಅವರು ಎತ್ತಿಕೊಂಡಿರುವ ಉದಾಹರಣೆಗಳಲ್ಲಿ ಪಶ್ಚಿಮ ಸ್ಕಾಟ್ಲೆಂಡಿನ ಪ್ರಯೋಗವೂ ಒಂದು. ಅದರ ಫಲಿತಾಂಶ ಪ್ರಕಟವಾದುದು ೧೯೯೫ರಲ್ಲಿ. ರಕ್ತದಲ್ಲಿ ಕೊಲೆಸ್ಟರಾಲ್ ಅಧಿಕವಾಗಿದ್ದು, ಅದುವರೆಗೆ ಹೃದಯಾಘಾತಕ್ಕೆ ಈಡಾಗದಿದ್ದ ಪುರುಷರನ್ನು ಸುಮಾರು ೫ ವರ್ಷ ಕಾಲ ಪರಿಶೀಲಿಸಲಾಯಿತು. ಔಷಧಗುಣವಿಲ್ಲದ ಮಾತ್ರೆಯನ್ನು ಸೇವಿಸಿದವರಲ್ಲಿ ಸಾವಿರಕ್ಕೆ ೪೧ ಮಂದಿಯೂ, ಪ್ರವಾಸ್ಟಾಟಿನ್ ಸೇವಿಸಿದವರಲ್ಲಿ ಸಾವಿರಕ್ಕೆ ೩೨ ಮಂದಿಯೂ ಮೃತರಾದರು. ಇದನ್ನು ‘ಮರಣವು ಶೇಕಡಾ ೨೨ರಷ್ಟು ಇಳಿಯಿತು’ ಎಂದೂ ಹೇಳಬಹುದು. ‘ಸಾವಿರಕ್ಕೆ ೯ ಮಂದಿ ಹೆಚ್ಚಾಗಿ ಬದುಕುಳಿದರು’ ಎಂದೂ ಹೇಳಬಹುದು. ಎರಡೂ ಸತ್ಯವೇ. ಆದರೆ ಮೊದಲನೆಯದನ್ನು ಕೇಳಿದವನು, ಔಷಧ ಸೇವಿಸಿದ ನೂರು ಮಂದಿಯಲ್ಲಿ ೨೨ ಮಂದಿ ಉಳಿದರೆಂದು ಭಾವಿಸುವ ಸಂಭವವುಂಟು. ‘ಶೇಕಡಾ’ ಎಂಬುದನ್ನು ‘ನೂರಕ್ಕೆ’ ಎಂದೇ ಗ್ರಹಿಸುವ ಕನ್ನಡಿಗನಿಗೆ ಈ ಭ್ರಮೆ ಮತ್ತಷ್ಟು ಸುಲಭ. ಯಾವ ನೂರಕ್ಕೆ ಎಂಬುದನ್ನು ಆ ಪದವು ಹೇಳುವುದಿಲ್ಲ.

ಇಲ್ಲಿಯವರೆಗೆ ಗ್ರಂಥಕರ್ತರ ವಾದ ನಿರ್ವಿವಾದ. ಆದರೆ ಸಾಪೇಕ್ಷ ಪ್ರಮಾಣವನ್ನು ಅವರು ಬಹುಮಟ್ಟಿಗೆ ಭ್ರಮೆಯ ಮೂಲವೆಂದೇ ಕಾಣುತ್ತಾರೆ. ಇದನ್ನು ಪೂರ್ತಿಯಾಗಿ ಒಪ್ಪಲಾಗದು. ೧೯೯೪ರಲ್ಲಿ ಪ್ರಕಟವಾದ ಸ್ಕ್ಯಾಂಡಿನೇವಿಯದ ಪ್ರಯೋಗವನ್ನು ಇದರ ಪಕ್ಕದಲ್ಲಿರಿಸಿ ನೋಡಬೇಕು. ಅಲ್ಲಿ ಅದೇ ವರ್ಗದ ಸಿಮ್ವಾಸ್ಟಾಟಿನ್ ಔಷಧವನ್ನು ಪಡೆದವರು ಆಗಲೇ ಹೃದ್ರೋಗಿಗಳಾಗಿದ್ದವರು. ೫ ವರ್ಷಕ್ಕೆ ತುಸು ಮೀರಿದ ಅವಧಿಯಲ್ಲಿ ಔಷಧವಿಲ್ಲದವರ ಮರಣ ಸಾವಿರಕ್ಕೆ ಸುಮಾರು ೧೧೫, ಔಷಧ ಪಡೆದವರದು ಸುಮಾರು ೮೨. ಸಾಪೇಕ್ಷ ಇಳಿತವು ಹೆಚ್ಚು ಕಡಮೆ ಶೇಕಡಾ ೩೦; ಸ್ಕಾಟ್ಲೆಂಡಿನದಕ್ಕಿಂತ ಬಹು ದೂರವೇನೂ ಅಲ್ಲ. ಉಳಿದ ಜೀವಗಳಾದರೋ ಸಾವಿರಕ್ಕೆ ೩೩; ಮೂರೂವರೆ ಪಟ್ಟಿಗಿಂತ ಅಧಿಕ. ಈ ಅಂತರಕ್ಕೆ ಮುಖ್ಯ ಕಾರಣ ಔಷಧದ ಭೇದವಲ್ಲ, ರೋಗಿಗೆ ಮೊದಲೇ ಇದ್ದ ಅಪಾಯದ ಭೇದ.

ಆದ್ದರಿಂದ ‘ಸಾವಿರಕ್ಕೆ ೯’ ಎಂದಷ್ಟೇ ಕೇಳಿದ ಹೃದ್ರೋಗಿಯು ತನಗೆ ಅವಶ್ಯವಾದ ಔಷಧವನ್ನು ಬಿಟ್ಟಾನು. ‘ಶೇಕಡಾ ೩೦’ ಎಂದಷ್ಟೇ ಕೇಳಿದ ಆರೋಗ್ಯವಂತನು ಅಲ್ಪ ಲಾಭಕ್ಕಾಗಿ ಜೀವಮಾನವೆಲ್ಲ ಮಾತ್ರೆ ನುಂಗಿಯಾನು. ಔಷಧವಿಲ್ಲದಿದ್ದರೆ ತನ್ನಂಥ ಸಾವಿರ ಮಂದಿಗೆ ಏನಾಗುವುದೆಂಬುದೇ ರೋಗಿಯು ಮೊದಲು ಕೇಳಬೇಕಾದ ಪ್ರಶ್ನೆ. ಅದಕ್ಕೆ ಉತ್ತರ ದೊರೆತ ಮೇಲೆ ಸಾಪೇಕ್ಷ ಪ್ರಮಾಣವೂ ಉಪಯುಕ್ತವೇ. ಗ್ರಂಥವು ಈ ಅಂಶಕ್ಕೆ ಇನ್ನಷ್ಟು ಒತ್ತು ಕೊಡಬೇಕಾಗಿತ್ತು. ಆದರೂ ಆ ಪ್ರಶ್ನೆಯನ್ನು ಕೇಳುವ ಧೈರ್ಯವನ್ನು ಓದುಗನಲ್ಲಿ ಮೂಡಿಸುವ ಕೃತಿ ಇದೆಂಬುದರಲ್ಲಿ ಸಂದೇಹವಿಲ್ಲ.