ಡ್ಯೂಪ್ ಇಲ್ಲದ ಜಿಗಿತ

2004ರ ಫ್ರೆಂಚ್ ಚಿತ್ರ ‘ಬಾನ್ಲಿಯೂ 13’ರ ಆರಂಭದ ಬೆನ್ನಟ್ಟುವ ದೃಶ್ಯದಲ್ಲಿ ಒಂದು ಶಾಟ್ ಇದೆ. ಲೇಯಿತೊ ಎಂಬ ಯುವಕ ರೌಡಿಗಳಿಂದ ತಪ್ಪಿಸಿಕೊಂಡು ಓಡುತ್ತಿದ್ದಾನೆ. ಎದುರಿಗೆ ಮುಚ್ಚಿದ ಬಾಗಿಲು, ಬಾಗಿಲ ಮೇಲೊಂದು ಗಾಳಿಕಿಂಡಿ. ಓಟದ ವೇಗ ತಗ್ಗಿಸದೆ ನೆಗೆದವನು ಎರಡೂ ಕಾಲು ಮುಂದೆ ಚಾಚಿ, ಮೈಯನ್ನು ಹಲಗೆಯಂತೆ ಅಡ್ಡ ಮಾಡಿ, ಆ ಕಿಂಡಿಯೊಳಗೆ ತೂರಿ ಆಚೆ ಬದಿಗೆ ಇಳಿದುಬಿಡುತ್ತಾನೆ. ಕಣ್ಣು ಮಿಟುಕಿಸಿದರೆ ತಪ್ಪಿಹೋಗುವಷ್ಟು ಚಿಕ್ಕ ಶಾಟ್. ಸಾಹಸ ದೃಶ್ಯಗಳ ಹುಚ್ಚು ಹತ್ತಿದವರಿಗೆ ನಾನು ಮೊದಲು ತೋರಿಸುವುದು ಇದನ್ನೇ.

ಲೇಯಿತೊ ಪಾತ್ರದ ನಟ ಡೇವಿಡ್ ಬೆಲ್. ಓಡುತ್ತ, ಹಾರುತ್ತ ಅಡೆತಡೆಗಳನ್ನು ದಾಟುವ ಪಾರ್ಕೂರ್ ಎಂಬ ವಿದ್ಯೆ ರೂಪುಗೊಂಡದ್ದೇ ಅವರಿಂದ, ಅವರ ಗೆಳೆಯರಿಂದ. ಹಾಗಾಗಿ ಹಾರುವ ಮೈ, ಕಾಣುವ ಮುಖ ಎರಡೂ ಒಬ್ಬರದೇ. ಇದರಿಂದ ಚಿತ್ರದ ವ್ಯಾಕರಣವೇ ಬದಲಾಗುತ್ತದೆ. ನಮಗೆ ಅಭ್ಯಾಸವಾದ ಪದ್ಧತಿ ಬೇರೆ: ಹೀರೊ ಓಡಿಬರುವ ಕ್ಲೋಸಪ್, ಕಟ್, ಬೆನ್ನು ತೋರಿಸಿ ಹಾರುವ ಡ್ಯೂಪ್, ಕಟ್, ಒಂದು ಮಂಡಿಯೂರಿ ಇಳಿದ ಹೀರೊ, ಸುತ್ತ ಧೂಳು. ಅಲ್ಲಿ ಕತ್ತರಿಯ ಕೆಲಸ ಮುಖ ಮುಚ್ಚುವುದು. ಮುಚ್ಚುವುದಕ್ಕೆ ಏನೂ ಇಲ್ಲದಿದ್ದಾಗ ಕ್ಯಾಮೆರಾ ಹಿಂದೆ ಸರಿದು, ಆಳಿನ ಇಡೀ ಮೈಯನ್ನೂ ಅವನು ದಾಟಬೇಕಾದ ಅಂತರವನ್ನೂ ಒಂದೇ ಚೌಕಟ್ಟಿನಲ್ಲಿ ಹಿಡಿಯಬಹುದು. ನಿರ್ದೇಶಕ ಪಿಯೆರ್ ಮೊರೆಲ್ ಛಾಯಾಗ್ರಾಹಕರಾಗಿದ್ದವರು. ಅವರ ಮೊದಲ ನಿರ್ದೇಶನ ಇದು. ಆ ಕಣ್ಣು ಚಿತ್ರದುದ್ದಕ್ಕೂ ಕೆಲಸ ಮಾಡಿದೆ.

ಇಳಿಯುವುದನ್ನೂ ಗಮನಿಸಿ. ಎತ್ತರದಿಂದ ಬಿದ್ದವನು ಹಿಮ್ಮಡಿ ಊರುವುದಿಲ್ಲ. ಮುಂಗಾಲಿನ ಮೇಲೆ ಇಳಿದು, ಮಂಡಿ ಮಡಿಸಿ, ಒಂದು ಭುಜದಿಂದ ಎದುರು ಬದಿಯ ಸೊಂಟದವರೆಗೆ ಓರೆಯಾಗಿ ಉರುಳುತ್ತಾನೆ. ಬೆನ್ನುಮೂಳೆ ನೆಲಕ್ಕೆ ಅಪ್ಪಳಿಸುವುದಿಲ್ಲ. ಕೆಳಮುಖವಾಗಿದ್ದ ವೇಗ ಮುಮ್ಮುಖವಾಗುತ್ತದೆ. ಅದೇ ಉರುಳಿನಲ್ಲಿ ಎದ್ದು ಮತ್ತೆ ಓಡುತ್ತಾನೆ. ನನ್ನ ಮಟ್ಟಿಗೆ ಜಿಗಿತಕ್ಕಿಂತ ಈ ಉರುಳೇ ಸೊಗಸು. ಇದರ ಹಿಂದೆ ಉದ್ದನೆಯ ಪರಂಪರೆಯಿದೆ. ನೌಕಾಪಡೆಯ ಅಧಿಕಾರಿ ಜಾರ್ಜ್ ಎಬೇರ್ ಇಪ್ಪತ್ತನೇ ಶತಮಾನದ ಆರಂಭದಲ್ಲಿ ರೂಪಿಸಿದ ವ್ಯಾಯಾಮ ಪದ್ಧತಿ, ಅದರಿಂದ ಬೆಳೆದ ಸೈನಿಕರ ಅಡೆತಡೆಯ ಓಟ, ವಿಯೆಟ್ನಾಂನಲ್ಲಿ ಹುಟ್ಟಿ ಪ್ಯಾರಿಸ್ಸಿನ ಅಗ್ನಿಶಾಮಕ ದಳ ಸೇರಿದ ರೇಮಂಡ್ ಬೆಲ್. ಮಗ ಡೇವಿಡ್ ಅದನ್ನು ಪ್ಯಾರಿಸ್ಸಿನ ಹೊರವಲಯದ ಲಿಸ್ ಎಂಬ ಊರಿನ ಕಾಂಕ್ರೀಟ್ ಗೋಡೆಗಳ ಮೇಲೆ ಪಳಗಿಸಿಕೊಂಡರು. ವೈರು, ಹಣ ಯಾವುದೂ ಇಲ್ಲದವರಿಗೆ ಸಿಕ್ಕ ಸಲಕರಣೆ ಎಂದರೆ ತಮ್ಮದೇ ಬಡಾವಣೆ.

ಅಂಥದೇ ಇನ್ನೊಂದು ಊರು ನಾಸಿಕ್ ಜಿಲ್ಲೆಯ ಮಾಲೇಗಾಂವ್. ಅಲ್ಲಿ ಪಾರ್ಕೂರ್ ಇಲ್ಲ. ಆದರೆ ಈ ಮಾತು ಆ ಊರನ್ನು ಬಿಟ್ಟು ಮುಂದೆ ಹೋಗುವುದಿಲ್ಲ.

ಮಾಲೇಗಾಂವ್ ಪವರ್‌ಲೂಮ್ ಪಟ್ಟಣ. ನಮ್ಮ ರಬಕವಿ–ಬನಹಟ್ಟಿ, ದೊಡ್ಡಬಳ್ಳಾಪುರದವರಿಗೆ ಆ ಸದ್ದನ್ನು ವಿವರಿಸಬೇಕಿಲ್ಲ. ಶುಕ್ರವಾರ ಮಗ್ಗಗಳಿಗೆ ರಜೆ, ಮಗ್ಗದವರಿಗೆ ಸಿನಿಮಾ. ವಿಡಿಯೊ ಪಾರ್ಲರ್ ನಡೆಸುತ್ತಾ ಹೊರದೇಶದ ಚಿತ್ರಗಳನ್ನು ನೋಡಿಯೇ ಸಿನಿಮಾ ಕಲಿತ ನಾಸಿರ್ ಶೇಖ್ 2000ನೇ ಇಸವಿಯಲ್ಲಿ ‘ಮಾಲೇಗಾಂವ್ ಕೆ ಶೋಲೆ’ ತೆಗೆದರು. ಡಕಾಯಿತರಿಗೆ ಕುದುರೆ ಇಲ್ಲ, ಸೈಕಲ್ ಇತ್ತು. ಕ್ಯಾಮೆರಾ ಮುಂದೆ ಸಾಗಬೇಕಾದರೂ ಸೈಕಲ್. ಮೇಲೇರಬೇಕಾದರೆ ಎತ್ತಿನಗಾಡಿಯೇ ಕ್ರೇನ್. ಆಮೇಲೆ ಬಂದದ್ದು ‘ಮಾಲೇಗಾಂವ್ ಕಾ ಸೂಪರ್‌ಮ್ಯಾನ್’. ಅದರ ತಯಾರಿಯನ್ನು ಫೈಜಾ ಅಹ್ಮದ್ ಖಾನ್ 2008ರ ‘ಸೂಪರ್‌ಮೆನ್ ಆಫ್ ಮಾಲೇಗಾಂವ್’ ಸಾಕ್ಷ್ಯಚಿತ್ರದಲ್ಲಿ ಹಿಡಿದಿಟ್ಟಿದ್ದಾರೆ.

ಸೂಪರ್‌ಮ್ಯಾನ್ ಆದವರು ಪವರ್‌ಲೂಮ್ ಕಾರ್ಮಿಕ ಶಫೀಕ್ ಶೇಖ್. ಕಡ್ಡಿ ಮೈ, ಕಾಲಿಗೆ ಚಪ್ಪಲಿ, ನೀಲಿ ಉಡುಪಿನ ಮೇಲೆ ಹಾಕಿದ ಚಡ್ಡಿಯಿಂದ ಇಳಿಬಿದ್ದ ಲಾಡಿ. ಹಸಿರು ಬಟ್ಟೆಯ ಮುಂದೆ ಅವರನ್ನು ನೆಲದಿಂದ ಮೇಲೆ ಅಡ್ಡ ಮಲಗಿಸಿ ಹಾರಿಸುತ್ತಾರೆ. ಆ ಭಂಗಿಯಲ್ಲಿ ಮೈ ಸೆಟೆಸಿ ನಿಲ್ಲಿಸುವುದು ಸುಲಭದ ಮಾತಲ್ಲ. ಹೊಟ್ಟೆ, ಸೊಂಟ ಎರಡೂ ಗಟ್ಟಿಯಿರಬೇಕು, ಆಸರೆ ಕೊಟ್ಟವರ ಮೇಲೆ ಪೂರ್ತಿ ನಂಬಿಕೆಯಿರಬೇಕು. ಚಿತ್ರೀಕರಣದ ನಡುವೆ ಇದ್ದ ಒಂದೇ ಕ್ಯಾಮೆರಾ ನೀರಿಗೆ ಬೀಳುತ್ತದೆ. ನಡುವೆಯೇ ಶಫೀಕ್ ಮದುವೆಯೂ ಆಗುತ್ತದೆ. ಕೆಲಸ ನಿಲ್ಲುತ್ತದೆ, ಮತ್ತೆ ಶುರುವಾಗುತ್ತದೆ. ಹೇಗೆ ಹಾರಿಸಿದರು ಎಂಬುದು ಒಂದೊಂದೂ ಗೊತ್ತಾದ ಮೇಲೂ ಶಫೀಕ್ ಹಾರಿದಾಗ ನನ್ನ ಎದೆ ಹಿಗ್ಗುತ್ತದೆ. ಗುಟ್ಟು ಬಯಲಾದರೆ ಸ್ಟಂಟಿನ ಸ್ವಾರಸ್ಯ ಹೋಗುತ್ತದೆ ಎನ್ನುವವರ ಮಾತನ್ನು ನಾನು ಅಂದಿನಿಂದ ಒಪ್ಪಿಲ್ಲ.

ಬಾನ್ಲಿಯೂ ಎಂದರೆ ಪ್ಯಾರಿಸ್ಸಿನಂಥ ನಗರದ ಹೊರವಲಯ. ಆ ಚಿತ್ರದ ಕಥೆಯಲ್ಲಿ ಸರ್ಕಾರ ಅಂಥ ಒಂದು ಬಡಾವಣೆಯ ಸುತ್ತ ಗೋಡೆ ಕಟ್ಟಿ ಜನರನ್ನು ಮರೆತಿರುತ್ತದೆ. ಚಿತ್ರ ಬಂದು ವರ್ಷ ತುಂಬುವ ಮೊದಲೇ, 2005ರ ಅಕ್ಟೋಬರಿನಲ್ಲಿ, ಪೊಲೀಸರಿಂದ ತಪ್ಪಿಸಿಕೊಳ್ಳಲು ಓಡಿದ ಇಬ್ಬರು ಹುಡುಗರು ಕ್ಲಿಷಿ-ಸು-ಬುವಾದ ವಿದ್ಯುತ್ ಕೇಂದ್ರದಲ್ಲಿ ಸತ್ತು ಫ್ರಾನ್ಸಿನ ಹೊರವಲಯಗಳೆಲ್ಲ ಹೊತ್ತಿಕೊಂಡವು. ಮಾಲೇಗಾಂವ್ ಎಂದೊಡನೆ ಹೊರಗಿನವರಿಗೆ ನೆನಪಾಗುವುದು 2006, 2008ರ ಬಾಂಬ್ ಸ್ಫೋಟಗಳು. ಎರಡೂ ಕಡೆಯವರು ಸುದ್ದಿಯಲ್ಲಿ ಬರುವುದು ಕೆಟ್ಟದ್ದು ನಡೆದಾಗ ಮಾತ್ರ. ಲೇಯಿತೊನ ಜಿಗಿತದಲ್ಲಿ, ಶಫೀಕ್‌ರ ಹಾರಾಟದಲ್ಲಿ ಆಯಾ ಊರಿನ ಗೋಡೆ, ಗಲ್ಲಿ, ಮಾಳಿಗೆಗಳು ಊರಿನವರ ಕೈಕಾಲಿಗೆ ಒದಗಿಬರುವ ವಸ್ತುಗಳಾಗಿ ಕಾಣುತ್ತವೆ. ಪಾರ್ಕೂರ್ ಚಿತ್ರಗಳ ಸೆಳೆತ ಬರೀ ಎತ್ತರದ್ದಾಗಿದ್ದರೆ ಸರ್ಕಸ್ಸೇ ಸಾಕಿತ್ತು.

ಇದೇ ವಿದ್ಯೆ ಬೇರೆ ಕೈಗೆ ಹೋದಾಗ ಏನಾಗುತ್ತದೆ ಎನ್ನುವುದಕ್ಕೆ ಎರಡು ಉದಾಹರಣೆ ಕೊಡುತ್ತೇನೆ. 2006ರ ‘ಕ್ಯಾಸಿನೊ ರಾಯಲ್’ನಲ್ಲಿ ಬೆಲ್‌ರ ಗೆಳೆಯ ಸೆಬಾಸ್ಟಿಯನ್ ಫೂಕಾನ್ ಓಡುತ್ತಾರೆ, ಜೇಮ್ಸ್ ಬಾಂಡ್ ಅಟ್ಟಿಸಿಕೊಂಡು ಹೋಗುತ್ತಾನೆ. ಗೋಡೆಯ ಮೇಲಿನ ಸಂದಿಯಲ್ಲಿ ಫೂಕಾನ್ ನುಸುಳಿದರೆ ಬಾಂಡ್ ಆ ಗೋಡೆಯನ್ನೇ ಒಡೆದುಕೊಂಡು ನುಗ್ಗುತ್ತಾನೆ. ಇಬ್ಬರ ಸ್ವಭಾವವೂ ಒಂದು ಮಾತಿಲ್ಲದೆ ತಿಳಿಯಿತು. ಅದ್ಭುತ ಬರವಣಿಗೆ ಅದು. 2014ರ ‘ಬ್ರಿಕ್ ಮ್ಯಾನ್ಷನ್ಸ್’ ‘ಬಾನ್ಲಿಯೂ 13’ರದೇ ಇಂಗ್ಲಿಷ್ ರೂಪ. ಬೆಲ್ ಅದರಲ್ಲೂ ಇದ್ದಾರೆ. ಆದರೆ ಜಿಗಿತವೊಂದನ್ನು ತುಂಡು ತುಂಡಾಗಿ ಕತ್ತರಿಸಿ ಜೋಡಿಸಿದ್ದಾರೆ. ಸ್ವತಃ ಹಾರಬಲ್ಲ ನಟನನ್ನು ಇಟ್ಟುಕೊಂಡು ಡ್ಯೂಪ್ ಹಾರಿದಂತೆ ತೋರಿಸಿದ್ದು ನನಗೆ ಇಂದಿಗೂ ಸಂಕಟ.

ನಮ್ಮಲ್ಲೂ ಅಂಥ ಮೈ ಇದೆ. ಚಿತ್ರದುರ್ಗದ ಕೋಟೆಯ ನೆಟ್ಟನೆ ಗೋಡೆಯನ್ನು ಹಗ್ಗವಿಲ್ಲದೆ, ಕಲ್ಲಿನ ಸಂದುಗಳಿಗೆ ಬೆರಳು ಸಿಕ್ಕಿಸಿ ಏರುವ ಜ್ಯೋತಿರಾಜ್ ಜನರ ಬಾಯಲ್ಲಿ ಕೋತಿರಾಜ್. ಕೋತಿಗಳನ್ನು ನೋಡಿ ಕಲಿತದ್ದು ಎಂದು ಅವರೇ ಹೇಳಿಕೊಂಡಿದ್ದಾರೆ. ಕೋಟೆಗೆ ಬಂದ ಪ್ರವಾಸಿಗರು ಕತ್ತು ಎತ್ತಿ ನಿಂತು ನೋಡುತ್ತಾರೆ. ಆ ಏರುವಿಕೆಯನ್ನು ಕತ್ತರಿಸದೆ, ಕೆಳಗಿನಿಂದ ಮೇಲಿನವರೆಗೆ ಹಿಡಿಯುವ ಒಂದು ಒಳ್ಳೆಯ ಕಥಾಚಿತ್ರ ಕನ್ನಡದಲ್ಲಿ ಬರಬೇಕೆಂಬುದು ನನ್ನ ಬಹುದಿನದ ಆಸೆ.

ಆದರೆ ಡ್ಯೂಪ್ ಇಲ್ಲ ಎನ್ನುವುದನ್ನೇ ಹೆಗ್ಗಳಿಕೆ ಮಾಡಿಕೊಳ್ಳಬಾರದು. 2016ರ ನವೆಂಬರ್ 7ರಂದು ‘ಮಾಸ್ತಿಗುಡಿ’ ಚಿತ್ರಕ್ಕಾಗಿ ಹೆಲಿಕಾಪ್ಟರಿನಿಂದ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಜಿಗಿದ ಅನಿಲ್ ಮತ್ತು ಉದಯ್ ಮೇಲೆ ಬರಲಿಲ್ಲ. ಅವರೂ ನಟರೇ, ತಾವೇ ಜಿಗಿದವರೇ. ಬೆಲ್ ಗಾಳಿಕಿಂಡಿಯಲ್ಲಿ ತೂರುವ ಹೊತ್ತಿಗೆ ಅವರ ಬೆನ್ನ ಹಿಂದೆ ಬಾಲ್ಯದಿಂದ ಕಟ್ಟಿಕೊಂಡ ಅಭ್ಯಾಸವಿತ್ತು. ನೆಲದಲ್ಲಿ ಸಾಧಿಸಿದ್ದನ್ನು ಮಾತ್ರ ಎತ್ತರಕ್ಕೆ ಒಯ್ಯಬೇಕು ಎಂಬುದು ಆ ವಿದ್ಯೆಯ ಶಿಸ್ತು. 2001ರ ‘ಯಮಕಾಸಿ’ ಚಿತ್ರದ ಕಥೆ ಹುಟ್ಟುವುದೂ ಅಭ್ಯಾಸವಿಲ್ಲದವರು ಅನುಕರಿಸಿಯಾರು ಎಂಬ ಭಯದಿಂದಲೇ: ಜಿಗಿಯುವವರನ್ನು ಅನುಕರಿಸಲು ಮರ ಹತ್ತಿದ ಹೃದ್ರೋಗಿ ಹುಡುಗ ಬೀಳುತ್ತಾನೆ, ಅವನ ಚಿಕಿತ್ಸೆಗೆ ಹಣ ಹೊಂದಿಸುವ ಹೊಣೆಯನ್ನು ಅವರೇ ಹೊರುತ್ತಾರೆ.

ಸಾಹಸ ಸಂಯೋಜನೆಗೆ ನಮ್ಮ ರಾಷ್ಟ್ರಪ್ರಶಸ್ತಿ 2016ರ ಚಿತ್ರಗಳಿಂದಲೇ ಇದೆ. ‘ಕೆಜಿಎಫ್’ನ ಎರಡೂ ಭಾಗಗಳು ಅದನ್ನು ಪಡೆದಿವೆ. ಆಸ್ಕರ್ ಈಗಷ್ಟೇ ಎಚ್ಚೆತ್ತು 2027ರಲ್ಲಿ ಬಿಡುಗಡೆಯಾಗುವ ಚಿತ್ರಗಳಿಂದ ಕೊಡುತ್ತೇನೆ ಎಂದಿದೆ. ಈ ವಿಷಯದಲ್ಲಿ ನಾವು ಮುಂದಿದ್ದೇವೆ, ಸಂತೋಷ. ಆದರೆ ಪ್ರಶಸ್ತಿ ಹೋಗುವುದು ಸಂಯೋಜಕರಿಗೆ. ‘ಬಾನ್ಲಿಯೂ 13’ರಲ್ಲಿ ಜಿಗಿದವರ ಹೆಸರೇ ನಾಯಕನ ಹೆಸರು, ಮಾಲೇಗಾಂವಿನಲ್ಲೂ ಹಾಗೆಯೇ. ನಮ್ಮ ಟೈಟಲ್ ಕಾರ್ಡಿನಲ್ಲಿ ‘ಸಾಹಸ’ ಎಂಬುದರ ಮುಂದೆ ಬರುವುದು ಸಾಮಾನ್ಯವಾಗಿ ಸಂಯೋಜಕರ ಹೆಸರೊಂದೇ. ಅದರ ಕೆಳಗೆ, ಯಾವ ದೃಶ್ಯದಲ್ಲಿ ಯಾರು ಹಾರಿದರು ಎಂಬುದನ್ನು ಓದಲು ಬರುವಷ್ಟು ದೊಡ್ಡ ಅಕ್ಷರದಲ್ಲಿ ಬರೆಯಲು ನಿರ್ಮಾಪಕರಿಗೆ ಒಂದು ರೂಪಾಯಿಯೂ ಹೆಚ್ಚು ತಗಲುವುದಿಲ್ಲ.