ಪುಟದ ಲೆಕ್ಕವೂ ಮಾತಿನ ಹಕ್ಕೂ

ವೃತ್ತಪತ್ರಿಕೆಯು ವಿಚಿತ್ರವಾದ ಸರಕು. ನಾವು ಅದನ್ನು ಬೆಲೆ ತೆತ್ತು ಕೊಳ್ಳುತ್ತೇವೆ. ಆದರೆ ಕೊಳ್ಳುವುದು ಕಾಗದವನ್ನಲ್ಲ, ಮಾತನ್ನು. ಆ ಮಾತಿನ ಹಿಂದೆ ಪತ್ರಕರ್ತನ ದುಡಿಮೆಯಿದೆ, ಜಾಹೀರಾತುದಾರನ ಹಣವಿದೆ, ಒಡೆಯನ ಬಂಡವಾಳವಿದೆ. ಹೀಗಿರುವಾಗ ಪತ್ರಿಕೆಯ ವ್ಯಾಪಾರಕ್ಕೆ ಸರಕಾರ ಹಾಕುವ ಕಟ್ಟಳೆ ಎಲ್ಲಿ ಮುಗಿಯುತ್ತದೆ, ಮಾತಿಗೆ ಹಾಕುವ ಕಡಿವಾಣ ಎಲ್ಲಿ ಮೊದಲಾಗುತ್ತದೆ? ನಮ್ಮ ಸರ್ವೋಚ್ಚ ನ್ಯಾಯಾಲಯವು 1958ರಿಂದ 1961ರವರೆಗಿನ ಅವಧಿಯಲ್ಲಿ ಈ ಪ್ರಶ್ನೆಯನ್ನು ಮೂರು ಸಲ ಎದುರಿಸಿತು. ಒಂದು ತೀರ್ಪು ದುಡಿಮೆಗೆ, ಇನ್ನೊಂದು ಜಾಹೀರಾತಿಗೆ, ಮತ್ತೊಂದು ಪುಟಗಳಿಗೆ ಸಂಬಂಧಿಸಿದುದು. ಇವುಗಳನ್ನು ಬಿಡಿಬಿಡಿಯಾಗಿ ಓದುವುದು ವಾಡಿಕೆ. ಒಟ್ಟಿಗೆ ಇಟ್ಟು ಓದಿದರೆ ನಡುವಣ ತೀರ್ಪಿನ ತರ್ಕವು ಉಳಿದೆರಡರೊಡನೆ ಹೊಂದುವುದಿಲ್ಲವೆಂಬುದು ಗೋಚರವಾಗುತ್ತದೆ. ಅದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಸಂವಿಧಾನದ ವಿಧಿಯನ್ನು ನೆನೆಯೋಣ. ಹತ್ತೊಂಬತ್ತನೆಯ ಅನುಚ್ಛೇದವು ವಾಕ್ ಸ್ವಾತಂತ್ರ್ಯವನ್ನೂ ವೃತ್ತಿ ವ್ಯಾಪಾರಗಳ ಸ್ವಾತಂತ್ರ್ಯವನ್ನೂ ಬೇರೆ ಬೇರೆಯಾಗಿ ಹೇಳಿದೆ. ವ್ಯಾಪಾರವನ್ನು ಸಾರ್ವಜನಿಕ ಹಿತಕ್ಕಾಗಿ ಯುಕ್ತ ರೀತಿಯಲ್ಲಿ ನಿರ್ಬಂಧಿಸಬಹುದು. ಮಾತನ್ನು ನಿರ್ಬಂಧಿಸಲು ರಾಜ್ಯದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ, ಮಾನಹಾನಿ ಮುಂತಾಗಿ ಎಣಿಸಿ ಕೊಟ್ಟ ಕಾರಣಗಳೇ ಬೇಕು. ಸಾರ್ವಜನಿಕ ಹಿತವೆಂಬ ವಿಶಾಲವಾದ ಕಾರಣ ಆ ಪಟ್ಟಿಯಲ್ಲಿ ಇಲ್ಲ. ಮುಂದಿನ ಚರ್ಚೆಯೆಲ್ಲ ಈ ಭೇದವನ್ನು ಅವಲಂಬಿಸಿದೆ.

1958ರ ಎಕ್ಸ್‌ಪ್ರೆಸ್ ನ್ಯೂಸ್‌ಪೇಪರ್ಸ್ ಮೊಕದ್ದಮೆಯಲ್ಲಿ ಪ್ರಶ್ನೆಗೊಳಗಾದುದು 1955ರ ಕಾರ್ಯನಿರತ ಪತ್ರಕರ್ತರ ಕಾಯಿದೆ. ಕೆಲಸದ ವೇಳೆ, ರಜೆ, ಉಪದಾನ, ವೇತನ ಮಂಡಲಿ ಇವುಗಳನ್ನು ಅದು ವಿಧಿಸಿತ್ತು. ಖರ್ಚು ಏರಿದರೆ ಪತ್ರಿಕೆ ನಿಲ್ಲುತ್ತದೆ, ಆದುದರಿಂದ ಇದು ವಾಕ್ ಸ್ವಾತಂತ್ರ್ಯಕ್ಕೇ ಪೆಟ್ಟು ಎಂದು ಒಡೆಯರು ವಾದಿಸಿದರು. ಅಂಥ ಪರಿಣಾಮವು ಕಾಯಿದೆಯ ನೇರವಾದ, ಅನಿವಾರ್ಯವಾದ ಫಲವಲ್ಲವೆಂದು ನ್ಯಾಯಾಲಯವು ಆ ವಾದವನ್ನು ತಳ್ಳಿಹಾಕಿತು. ಜೊತೆಗೇ, ಉದ್ಯಮದ ಸಂಬಳ ಕೊಡುವ ಶಕ್ತಿಯನ್ನು ಪರಿಶೀಲಿಸದೆ ಮಾಡಿದ ವೇತನ ಮಂಡಲಿಯ ನಿರ್ಣಯವನ್ನು ಅಸಿಂಧುವೆಂದಿತು. ದುಡಿಯುವವನಿಗೆ ನ್ಯಾಯ ಒದಗಿಸುವ ಕಟ್ಟಳೆ ಬಹುಮಟ್ಟಿಗೆ ಉಳಿಯಿತು. ಲೆಕ್ಕ ನೋಡದೆ ಅದನ್ನು ಪ್ರಯೋಗಿಸಿದ ಕ್ರಮ ಬಿದ್ದುಹೋಯಿತು. ಇದು ಸಮತೂಕದ ತೀರ್ಪು.

1959ರ ಡಿಸೆಂಬರಿನಲ್ಲಿ ಬಂದ ಹಮ್ದರ್ದ್ ದವಾಖಾನಾ ತೀರ್ಪಿನ ವಿಷಯ ಔಷಧಗಳ ಜಾಹೀರಾತು. ಮಾಂತ್ರಿಕ ಚಿಕಿತ್ಸೆ, ಗುಪ್ತರೋಗದ ಮದ್ದು ಮೊದಲಾದವುಗಳ ಪ್ರಚಾರವನ್ನು ತಡೆಯುವ 1954ರ ಕಾಯಿದೆಯ ಉದ್ದೇಶವನ್ನು ಯಾವ ವಿವೇಕಿಯೂ ಅಲ್ಲಗಳೆಯಲಾರನು. ರೋಗಿಯ ಭೀತಿಯನ್ನೂ ಸಂಕೋಚವನ್ನೂ ಬಂಡವಾಳ ಮಾಡಿಕೊಳ್ಳುವ ವ್ಯಾಪಾರಕ್ಕೆ ಅಂಕುಶ ಬೇಕು. ಯಾವ ರೋಗವನ್ನಾದರೂ ನಿಷೇಧದ ಪಟ್ಟಿಗೆ ಸೇರಿಸಲು ಸರಕಾರಕ್ಕೆ ಕೊಟ್ಟಿದ್ದ ಮಿತಿಯಿಲ್ಲದ ಅಧಿಕಾರವನ್ನೂ ಜಪ್ತಿಯ ಅಧಿಕಾರವನ್ನೂ ನ್ಯಾಯಾಲಯವು ರದ್ದುಪಡಿಸಿದುದು ಕೂಡ ಸರಿಯೇ. ಆದರೆ ಕಾಯಿದೆಯ ಉಳಿದ ಭಾಗವನ್ನು ಸಮರ್ಥಿಸುವಾಗ ಅದು ಹಿಡಿದ ದಾರಿ ವಿಚಾರಣೀಯವಾಗಿದೆ. ಜಾಹೀರಾತು ಮಾತಿನ ಒಂದು ರೂಪವೇ. ಆದರೆ ವ್ಯಾಪಾರವೇ ಅದರ ಗುರಿಯಾದಾಗ ಅದು ವಾಕ್ ಸ್ವಾತಂತ್ರ್ಯದ ಪರಿಧಿಗೆ ಸೇರದು ಎಂದು ತೀರ್ಪು ಹೇಳಿತು. ಸುಳ್ಳು ಜಾಹೀರಾತನ್ನು ಶಿಕ್ಷಿಸಲು ಇಷ್ಟು ದೂರ ಹೋಗಬೇಕಾಗಿರಲಿಲ್ಲ. ವಂಚನೆಗೆ ರಕ್ಷಣೆಯಿಲ್ಲವೆಂದಿದ್ದರೆ ಸಾಕಾಗುತ್ತಿತ್ತು. ವ್ಯಾಪಾರಿಯ ನಿಜವಾದ ಮಾತಿಗೂ ಬಾಗಿಲು ಮುಚ್ಚಿದಂತಾಯಿತು.

ಈ ತರ್ಕದ ದೌರ್ಬಲ್ಯ ಎರಡೇ ವರ್ಷಗಳಲ್ಲಿ ಹೊರಬಿತ್ತು. ನಾನಾಸಾಹೇಬ ಪರುಳೇಕರರು 1932ರಲ್ಲಿ ಪುಣೆಯಲ್ಲಿ ಆರಂಭಿಸಿದ 'ಸಕಾಳ' ಮರಾಠಿ ದೈನಿಕವು ಮಹಾರಾಷ್ಟ್ರದಲ್ಲಿಯೂ ಕರ್ನಾಟಕದಲ್ಲಿಯೂ ಪ್ರಸಾರದಲ್ಲಿತ್ತು. ಬೆಲೆ 7 ಹೊಸ ಪೈಸೆ. 1956ರ ಬೆಲೆ ಮತ್ತು ಪುಟಗಳ ಕಾಯಿದೆ ಹಾಗೂ ಅದರಡಿ 1960ರಲ್ಲಿ ಹೊರಟ ಆದೇಶದ ಮೇರೆಗೆ ಇಂತಿಷ್ಟು ಬೆಲೆಗೆ ಇಂತಿಷ್ಟೇ ಪುಟ ಎಂದು ಗೊತ್ತಾಯಿತು. ಪತ್ರಿಕೆಯು ಬೆಲೆ ಏರಿಸಬೇಕು, ಇಲ್ಲವೆ ಪುಟ ಇಳಿಸಬೇಕು. ಜಾಹೀರಾತಿನ ಸ್ಥಳಕ್ಕೂ ಮಿತಿ ಹಾಕುವ ಅಧಿಕಾರ ಕಾಯಿದೆಯಲ್ಲಿತ್ತು. ಪತ್ರಿಕೆಯೊಂದೇ ಅಲ್ಲ, ಅದರ ಓದುಗರಿಬ್ಬರೂ ನ್ಯಾಯಾಲಯದ ಮೆಟ್ಟಿಲು ಹತ್ತಿದರೆಂಬುದು ಗಮನಾರ್ಹ.

ಸಣ್ಣ ಪತ್ರಿಕೆಗಳನ್ನು ದೊಡ್ಡವುಗಳ ಪೈಪೋಟಿಯಿಂದ ಕಾಪಾಡುವುದೇ ತನ್ನ ಉದ್ದೇಶವೆಂದು ಸರಕಾರ ಹೇಳಿತು. 1961ರ ಸೆಪ್ಟೆಂಬರಿನಲ್ಲಿ ಐವರು ನ್ಯಾಯಮೂರ್ತಿಗಳ ಪೀಠದ ಪರವಾಗಿ ನ್ಯಾಯಮೂರ್ತಿ ಮುಧೋಳ್ಕರರು ಕೊಟ್ಟ ಉತ್ತರ ಸ್ಪಷ್ಟವಾಗಿದೆ. ಎಷ್ಟು ಜನರಿಗೆ ಮುಟ್ಟಿಸಬಹುದು, ಎಷ್ಟು ವಿಷಯ ಹೇಳಬಹುದು ಎಂಬೆರಡೂ ವಾಕ್ ಸ್ವಾತಂತ್ರ್ಯದೊಳಗಿವೆ. ವ್ಯಾಪಾರವನ್ನು ಕ್ರಮಪಡಿಸುವ ನೆವದಿಂದ ಮಾತನ್ನು ಮೊಟಕುಗೊಳಿಸಲಾಗದು. ಇದೇ ತೀರ್ಪು, ಜಾಹೀರಾತು ತಗ್ಗಿದರೆ ಬೆಲೆ ಏರುತ್ತದೆ, ಬೆಲೆ ಏರಿದರೆ ಪ್ರಸಾರ ಇಳಿಯುತ್ತದೆ ಎಂಬುದನ್ನೂ ಗುರುತಿಸಿತು.

ಇಲ್ಲಿಯೇ ವಿರೋಧ ಕಾಣುವುದು. 1959ರಲ್ಲಿ ಪರಿಧಿಯಾಚೆ ನಿಂತ ಜಾಹೀರಾತು 1961ರಲ್ಲಿ ಪರಿಧಿಯನ್ನೇ ಹೊತ್ತು ನಿಂತ ಕಂಬವಾಗಿದೆ. ಸುದ್ದಿಯ ಬೆಲೆಯ ದೊಡ್ಡ ಪಾಲನ್ನು ತೆರುವವನು ಜಾಹೀರಾತುದಾರನಾದರೆ, ಅವನ ಮಾತಿನ ಮೇಲೆ ಯಾವ ನಿಯಮವನ್ನಾದರೂ ಹೇರಬಹುದೆನ್ನುವುದೂ ಸುದ್ದಿ ಸ್ವತಂತ್ರವೆನ್ನುವುದೂ ಏಕಕಾಲಕ್ಕೆ ಸಲ್ಲುವ ಮಾತುಗಳಲ್ಲ. ಈ ವಿರೋಧ ಪರಿಹಾರವಾಗಲು 1995ರವರೆಗೆ ಕಾಯಬೇಕಾಯಿತು. ಟಾಟಾ ಪ್ರೆಸ್ ಹೊರತಂದ ವ್ಯಾಪಾರಿಗಳ ಹಳದಿ ಪುಟಗಳ ಕೈಪಿಡಿಯನ್ನು ತಡೆಯಲು ಮಹಾನಗರ ಟೆಲಿಫೋನ್ ನಿಗಮ ಯತ್ನಿಸಿದ ಮುಂಬಯಿಯ ಆ ವ್ಯಾಜ್ಯದಲ್ಲಿ, ವ್ಯಾಪಾರದ ಮಾತೂ ವಾಕ್ ಸ್ವಾತಂತ್ರ್ಯಕ್ಕೆ ಸೇರಿದ್ದೆಂದೂ ಅದನ್ನು ಓದುವ, ಕೇಳುವ ಹಕ್ಕು ಜನರಿಗಿದೆಯೆಂದೂ ನ್ಯಾಯಾಲಯ ಸಾರಿತು. ಸುಳ್ಳು, ವಂಚನೆಗಳಿಗೆ ಮಾತ್ರ ರಕ್ಷಣೆ ಸಿಗಲಿಲ್ಲ. 'ಸಕಾಳ'ದ ಆ ಇಬ್ಬರು ಓದುಗರ ನಿಲುವಿಗೆ ಮೂವತ್ತನಾಲ್ಕು ವರ್ಷಗಳ ಮೇಲೆ ಆಧಾರ ದೊರೆಯಿತು.

ಆದರೂ ಸಣ್ಣ ಪತ್ರಿಕೆಗಳ ಪ್ರಶ್ನೆ ಇದರಿಂದ ಮುಗಿಯಲಿಲ್ಲ. ವಿದೇಶದಿಂದ ಬರುವ ಕಾಗದದ ಅಭಾವವಿದ್ದ ಕಾಲದಲ್ಲಿ, 1972ರ ಬೆನೆಟ್ ಕೋಲ್ಮನ್ ಮೊಕದ್ದಮೆಯಲ್ಲಿ, ಹತ್ತು ಪುಟಗಳ ಮಿತಿಯನ್ನು ನಾಲ್ವರು ನ್ಯಾಯಮೂರ್ತಿಗಳು ತಳ್ಳಿಹಾಕಿದರು. ನ್ಯಾಯಮೂರ್ತಿ ಮ್ಯಾಥ್ಯೂ ಒಬ್ಬರೇ ಭಿನ್ನಮತ ಬರೆದರು. ವಿರಳವಾದ ವಸ್ತುವನ್ನು ಹಂಚುವುದು ಬೇರೆ, ಬಾಯಿ ಕಟ್ಟುವುದು ಬೇರೆ. ಹಲವು ದನಿಗಳಿಗೆ ಎಡೆ ದೊರೆಯುವುದೂ ಸ್ವಾತಂತ್ರ್ಯದ ಅಂಗವೇ ಎಂಬುದು ಅವರ ವಾದದ ಸಾರ. ಹೊರನಾಡಿನಲ್ಲಿ ನೆಲೆಸಿ, ದೊಡ್ಡ ಭಾಷೆಗಳ ದೊಡ್ಡ ಪತ್ರಿಕೆಗಳ ನಡುವೆ ಕನ್ನಡದ ನಾಲ್ಕು ಹಾಳೆಗಳನ್ನು ನಡೆಸಲು ಹೆಣಗುವ ನಾವು ಈ ಭಿನ್ನಮತವನ್ನು ಹಗುರವಾಗಿ ಕಾಣುವಂತಿಲ್ಲ. ಅವರು ಎತ್ತಿದ ಪ್ರಶ್ನೆ ನ್ಯಾಯವಾದುದು.

ಅದಕ್ಕೆ ಅವರು ಒಪ್ಪಿದ ಉಪಾಯವನ್ನು ಮಾತ್ರ ಒಪ್ಪಲಾಗದು. ಪರರ ಪುಟವನ್ನು ಕತ್ತರಿಸಿದ ಮಾತ್ರಕ್ಕೆ ನಮ್ಮ ಪತ್ರಿಕೆಗೆ ಒಬ್ಬ ಚಂದಾದಾರನೂ ಹೆಚ್ಚುವುದಿಲ್ಲ. ನೋಂದಾಯಿತ ಪತ್ರಿಕೆಗಳಿಗೆ ಅಂಚೆಯಲ್ಲಿ ರಿಯಾಯಿತಿ ಕೊಡುವುದು, ಸರಕಾರಿ ಜಾಹೀರಾತನ್ನು ನ್ಯಾಯವಾಗಿ ಹಂಚುವುದು, ಸುಲಭ ಬೆಲೆಗೆ ಕಾಗದ ಒದಗಿಸುವುದು ಇವು ಸಣ್ಣವನನ್ನು ಎತ್ತುವ ಮಾರ್ಗಗಳು. ಇವುಗಳಿಂದ ಯಾವ ಓದುಗನಿಗೂ ನಷ್ಟವಿಲ್ಲ. ದುಡಿಯುವವನಿಗೆ ಸಂಬಳ ಕೊಡೆಂದು ಒಡೆಯನಿಗೆ ವಿಧಿಸುವುದು, ಹೇಳಿದ್ದನ್ನು ರುಜುವಾತುಪಡಿಸೆಂದು ವ್ಯಾಪಾರಿಗೆ ವಿಧಿಸುವುದು ಯೋಗ್ಯವೇ ಸರಿ. ಆ ಭಾರವನ್ನು ಓದುಗನ ಮೇಲೆ ಹೊರಿಸುವ ಕಟ್ಟಳೆ, ಅದರ ಉದ್ದೇಶವೆಷ್ಟೇ ಉದಾತ್ತವಾಗಿದ್ದರೂ, ನಮ್ಮಂಥ ಸಣ್ಣವರ ಹೆಸರಿನಲ್ಲಿ ಬರಕೂಡದು.