ಓದುತ್ತಾ ಓಡುವ ಹುಡುಗ

ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ಹೊಸದಾಗಿ ಸೇರಿದ ಹುಡುಗನ ಹೆಲ್ಮೆಟ್ಟಿಗೆ, ಹಣೆಯಿಂದ ಹಿಂದಲೆಯವರೆಗೆ, ಒಂದು ಕಪ್ಪು ಪಟ್ಟಿ ಅಂಟಿಸುತ್ತಾರೆ. ಅಭ್ಯಾಸದಲ್ಲಿ ಬೆವರು ಹರಿಸಿ ಅವನು ತಂಡದವರ ನಂಬಿಕೆ ಗಳಿಸಿದ ದಿನ ಎಲ್ಲರ ಎದುರಿಗೆ ಆ ಪಟ್ಟಿಯನ್ನು ಕಿತ್ತು ತೆಗೆಯುತ್ತಾರೆ. 2012ರಲ್ಲಿ ಅರ್ಬನ್ ಮೈಯರ್ ಕೋಚ್ ಆಗಿ ಬಂದಾಗ ಶುರುವಾದ ಪದ್ಧತಿ ಇದು. ಕೆಲವರ ಪಟ್ಟಿ ಸೀಸನ್ ಅರ್ಧ ಕಳೆದರೂ ಹೋಗುವುದಿಲ್ಲ. 2024ರ ಜನವರಿಯಲ್ಲಿ ಫ್ಲಾರಿಡಾದಿಂದ ಬಂದ ವೈಡ್ ರಿಸೀವರ್ ಜೆರಮಾಯಾ ಸ್ಮಿತ್‌ನ ಪಟ್ಟಿ ವಸಂತದ ತರಬೇತಿಯಲ್ಲೇ ಹೋಯಿತು. ಆಗ ಅವನಿಗೆ 18 ವರ್ಷ.

ಏಪ್ರಿಲ್‌ನಲ್ಲಿ ತಂಡ ತನ್ನೊಳಗೇ ಎರಡು ಪಾಲಾಗಿ ಆಡುವ ಪಂದ್ಯ ಲೆಕ್ಕಕ್ಕಿಲ್ಲದ್ದು. ಅದನ್ನು ನೋಡಲು ಕೊಲಂಬಸ್ ಊರಿನ ಆ ಲಾಳಾಕಾರದ ಕ್ರೀಡಾಂಗಣಕ್ಕೆ ಸುಮಾರು 80 ಸಾವಿರ ಜನ ಬಂದಿದ್ದರು. ಹಿಂದಿನ ವರ್ಷ ದೇಶದ ಅತ್ಯುತ್ತಮ ರಿಸೀವರ್‌ಗೆ ಸಲ್ಲುವ ಬಿಲೆಟ್‌ನಿಕಾಫ್ ಪ್ರಶಸ್ತಿ ಪಡೆದ ಮಾರ್ವಿನ್ ಹ್ಯಾರಿಸನ್ ಜೂನಿಯರ್ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ಗೆ ಹೊರಟಿದ್ದ. ಆ ಜಾಗಕ್ಕೆ ಯಾರು ಅನ್ನುವ ಪ್ರಶ್ನೆಗೆ ಜನ ಆಗಲೇ ಉತ್ತರ ಬರೆದುಕೊಂಡಿದ್ದರು.

ಹೀಗೆ ಹೊಸ ರಿಸೀವರ್ ಬಂದಾಗಲೆಲ್ಲ ಅಮೆರಿಕದ ಕಾಲೇಜು ಊರುಗಳಲ್ಲಿ ಒಂದು ವಾದ ಹುಟ್ಟಿಕೊಳ್ಳುತ್ತದೆ. ಹುಡುಗನಿಗೆ ಮೊದಲ ದಿನದಿಂದಲೇ ಚೆಂಡು ಕೊಡಿ, ಅವನ ಓಟಕ್ಕೆ ಅಡ್ಡಿ ಮಾಡಬೇಡಿ ಅನ್ನುವವರು ಒಂದು ಕಡೆ. ಆಟಗಳನ್ನು ಬರೆದಿಟ್ಟ ನಮ್ಮ ಪ್ಲೇಬುಕ್ ದಪ್ಪ, ಮೊದಲ ವರ್ಷ ಅದು ಯಾರ ತಲೆಗೂ ಹತ್ತುವುದಿಲ್ಲ, ಕಾಯಬೇಕು ಅನ್ನುವವರು ಇನ್ನೊಂದು ಕಡೆ. ತಂಡ ಸೋತ ವಾರ ಇದೇ ವಾದ ಕೋಚ್‌ನ ಮೇಲೆ ತಿರುಗುತ್ತದೆ: ಮಕ್ಕಳ ಮೇಲೆ ಇಷ್ಟು ಹೊರೆ ಯಾಕೆ? ಇಲ್ಲವೇ, ಎದುರಾಳಿಗೆ ಬಾಯಿಪಾಠವಾಗಿರುವ ಅದೇ ನಾಲ್ಕು ಆಟ ಎಷ್ಟು ದಿನ? ಈ ವಾದದಲ್ಲಿ ಎರಡೂ ಕಡೆಯವರು ಪುಸ್ತಕದ ದಪ್ಪವನ್ನು ಅಳೆಯುತ್ತಾರೆ. ಅಳತೆಗೋಲೇ ತಪ್ಪು ಅನ್ನುವುದು ನನ್ನ ತಕರಾರು.

ಪುಸ್ತಕದಲ್ಲಿ ಏನಿರುತ್ತದೆ ಅಂತ ಮೊದಲು ನೋಡೋಣ. ರಿಸೀವರ್ ಅಂದರೆ ಮೈದಾನದ ಅಂಚಿನಲ್ಲಿ ನಿಂತು, ಗೊತ್ತುಮಾಡಿದ ದಾರಿಯಲ್ಲಿ ಓಡಿ, ಕ್ವಾರ್ಟರ್‌ಬ್ಯಾಕ್ ಎಸೆದ ಚೆಂಡು ಹಿಡಿಯುವವನು. ಆ ದಾರಿಗೆ ರೂಟ್ ಅನ್ನುತ್ತಾರೆ. ಹಲವು ತಂಡಗಳಲ್ಲಿ ರೂಟ್‌ಗಳಿಗೆ ಅಂಕಿಗಳಿವೆ. 2 ಅಂದರೆ ಕೆಲವೇ ಹೆಜ್ಜೆ ಹಾಕಿ ಒಳಕ್ಕೆ ಓರೆಯಾಗಿ ನುಗ್ಗು, 8 ಅಂದರೆ ದೂರ ಹೋಗಿ ಗೋಲ್‌ಕಂಬದ ಕಡೆ ತಿರುಗು, 9 ಅಂದರೆ ತಿರುಗದೆ ನೆಟ್ಟಗೆ ಓಡು. ಒಂದು ಕಾಗದದಲ್ಲಿ ಮರದ ಕೊಂಬೆಗಳಂತೆ ಬರೆದಿಟ್ಟ ಇದನ್ನು ಜಾಣ ಹುಡುಗ ಒಂದು ಮಧ್ಯಾಹ್ನದಲ್ಲಿ ಕಲಿಯಬಲ್ಲ. ಇದಕ್ಕೆ ಯಾವ ಆಟಗಾರ ಎಲ್ಲಿ ನಿಲ್ಲಬೇಕು, ಚೆಂಡು ಏಳುವ ಮೊದಲು ಯಾರು ಅತ್ತಿಂದಿತ್ತ ಸರಿಯಬೇಕು ಅನ್ನುವುದು ಸೇರಿದಾಗ ಹೆಸರುಗಳು ಉದ್ದವಾಗುತ್ತವೆ. ಆದರೂ ಅದು ನೆನಪಿನ ಕೆಲಸ. ನೆನಪಿನ ಕೆಲಸವನ್ನು ಹಾಸ್ಟೆಲ್ ಕೋಣೆಯಲ್ಲಿ ಕೂತು ಮಾಡಬಹುದು.

ಕಷ್ಟ ಇರುವುದು ಓಡುತ್ತಾ ಓದುವುದರಲ್ಲಿ. ಕೆಲವು ರೂಟ್‌ಗಳಿಗೆ ಕೊನೆ ಬರೆದಿರುವುದಿಲ್ಲ. ಹತ್ತು ಹನ್ನೆರಡು ಗಜ ಓಡು. ಎದುರಾಳಿಯ ಹಿಂಬದಿಯಲ್ಲಿ ನಟ್ಟನಡುವೆ ಸೇಫ್ಟಿ ಅನ್ನುವ ಕಾವಲುಗಾರ ಒಬ್ಬನೇ ಇದ್ದರೆ ಅವನ ಪಕ್ಕದಿಂದ ನೇರ ಹೋಗು, ಇಬ್ಬರು ಎರಡು ಬದಿಗೆ ಸರಿದಿದ್ದರೆ ನಡುವಿನ ಖಾಲಿ ಜಾಗಕ್ಕೆ ಬಾಗು. ಈ ನಿರ್ಧಾರ ಪೂರ್ತಿ ವೇಗದಲ್ಲಿ, ಮೈಗೆ ಮೈ ತಾಗಿಸಿಕೊಂಡು ಓಡುವ ಕಾರ್ನರ್‌ಬ್ಯಾಕ್‌ನನ್ನು ಸಂಭಾಳಿಸುತ್ತಾ ಆಗಬೇಕು. ಅದೇ ಕ್ಷಣಕ್ಕೆ ಇಪ್ಪತ್ತು ಗಜ ಹಿಂದೆ ನಿಂತ ಕ್ವಾರ್ಟರ್‌ಬ್ಯಾಕ್‌ಗೂ ಅದೇ ಕಾಣಬೇಕು. ಕ್ರಿಕೆಟ್‌ನಲ್ಲಿ ಒಬ್ಬ ಬಾ ಅಂದು ಇನ್ನೊಬ್ಬ ಬೇಡ ಅಂದರೆ ಇಬ್ಬರೂ ಒಂದೇ ತುದಿಯಲ್ಲಿ ನಿಲ್ಲುತ್ತಾರಲ್ಲ, ಇಲ್ಲಿಯೂ ಅದೇ ಗತಿ. ವ್ಯತ್ಯಾಸ ಇಷ್ಟೇ: ಇಲ್ಲಿ ಕೂಗಿ ಹೇಳುವ ಹಾಗಿಲ್ಲ. ಚೆಂಡು ಯಾರೂ ಇಲ್ಲದ ಕಡೆ ಬಿದ್ದಾಗ ಟಿವಿ ಮುಂದೆ ಕೂತವರು ಎಸೆದವನನ್ನು ಬೈಯುತ್ತಾರೆ. ಬಾಗಬೇಕಾದ ಕಡೆ ಬಾಗದೆ ಹೋದವನು ಹುಡುಗ ಅನ್ನುವುದು ಮರುದಿನ ವಿಡಿಯೋ ನೋಡುವ ಕೋಣೆಯಲ್ಲಿ ಮಾತ್ರ ಗೊತ್ತಾಗುತ್ತದೆ.

ನೋಟರ್ ಡೇಮ್ ವಿಶ್ವವಿದ್ಯಾಲಯದಲ್ಲಿ 2005ರಿಂದ 2009ರವರೆಗೆ ಕೋಚ್ ಚಾರ್ಲಿ ವೈಸ್ ನಡೆಸಿದ ಪ್ರಯೋಗ ಇಲ್ಲಿ ಪಾಠವಾಗಬೇಕು. ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡದೊಂದಿಗೆ ಮೂರು ಸೂಪರ್ ಬೌಲ್ ಗೆದ್ದು ಬಂದ ವೈಸ್, ಎನ್‌ಎಫ್‌ಎಲ್‌ನ ಆಕ್ರಮಣ ಪದ್ಧತಿಯನ್ನೇ ಕಾಲೇಜಿಗೆ ತಂದರು. ಮೊದಲ ಎರಡು ವರ್ಷ ಗೆಲುವು-ಸೋಲು 9-3, 10-3. ಬ್ರೇಡಿ ಕ್ವಿನ್ ಎಸೆಯುತ್ತಿದ್ದ, ಜೆಫ್ ಸಮಾರ್ಜಾ 2005ರಲ್ಲಿ 15 ಟಚ್‌ಡೌನ್ ಹಿಡಿದ. ಅವರು ಕಾಲೇಜಿನಲ್ಲಿ ವರ್ಷಗಳನ್ನು ಕಳೆದು ಪಳಗಿದ ಹುಡುಗರು. 2007ರ ಹೊತ್ತಿಗೆ ಅವರೆಲ್ಲ ಹೋಗಿ, ಹೊಸಬರ ಕೈಗೆ ಅದೇ ಪದ್ಧತಿ ಬಂತು. ಮೊದಲ ಮೂರು ಪಂದ್ಯಗಳಲ್ಲಿ ತಂಡ ಗಳಿಸಿದ್ದು ಒಟ್ಟು 13 ಅಂಕ, ವರ್ಷದ ಕೊನೆಗೆ 3-9. ಮುಂದಿನ ಸಾಲಿನ ತಡೆಗಾರರೂ ಎಳೆಯರಾಗಿದ್ದರು, ಎಲ್ಲ ಪಾಪವನ್ನೂ ಪುಸ್ತಕದ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಆ ವರ್ಷದ ಪಂದ್ಯಗಳಲ್ಲಿ ಎದ್ದು ಕಾಣುವುದು ಹುಡುಗರ ಕಾಲಿನ ಅನುಮಾನ. ವೇಗ ಇರುವ ರಿಸೀವರ್ ಯೋಚಿಸುತ್ತಾ ಓಡಿದರೆ ಅವನ ವೇಗ ಯಾರಿಗೆ ಬೇಕು?

ಎನ್‌ಎಫ್‌ಎಲ್ ಆಟಗಾರನಿಗೆ ಆಟವೇ ಉದ್ಯೋಗ. ಕಾಲೇಜು ಹುಡುಗನಿಗೆ, ಕಾಲೇಜು ಕ್ರೀಡೆಗಳನ್ನು ನೋಡಿಕೊಳ್ಳುವ ಎನ್‌ಸಿಎಎ ನಿಯಮದ ಪ್ರಕಾರ, ಸೀಸನ್‌ನಲ್ಲಿ ವಾರಕ್ಕೆ 20 ಗಂಟೆ ಮಾತ್ರ ಕಡ್ಡಾಯ ತರಬೇತಿ, ದಿನಕ್ಕೆ 4 ಗಂಟೆ. ವಿಡಿಯೋ ನೋಡುವುದು, ತೂಕ ಎತ್ತುವುದು, ಮೈದಾನದ ಅಭ್ಯಾಸ, ಎಲ್ಲವೂ ಅದರೊಳಗೆ. ಪುಸ್ತಕಕ್ಕೆ ಸೇರಿಸುವ ಪ್ರತಿಯೊಂದು ಪುಟವೂ ಯಾವುದೋ ಹಳೆಯ ಪುಟದ ಅಭ್ಯಾಸವನ್ನು ಕಸಿದುಕೊಳ್ಳುತ್ತದೆ.

ಈ ಲೆಕ್ಕ ಕೋಚ್ ಮೈಕ್ ಲೀಚ್‌ಗೆ ಚೆನ್ನಾಗಿ ಗೊತ್ತಿತ್ತು. ಹ್ಯಾಲ್ ಮಮ್ಮಿ ಜೊತೆ ಅಯೋವಾ ವೆಸ್ಲಿಯನ್ ಅನ್ನುವ ಪುಟ್ಟ ಕಾಲೇಜಿನಲ್ಲಿ 1989ರಲ್ಲಿ ಶುರುಮಾಡಿದ 'ಏರ್ ರೇಡ್' ಪದ್ಧತಿಯನ್ನು ಅವರು ಟೆಕ್ಸಸ್ ಟೆಕ್‌ಗೆ ತಂದು 2000ದಿಂದ 2009ರವರೆಗೆ ಆಡಿಸಿದರು. ಬೇರೆ ಕೋಚ್‌ಗಳು ಹೋಟೆಲಿನ ಮೆನುವಿನಷ್ಟು ದೊಡ್ಡ ರಟ್ಟು ಹಿಡಿದು ನಿಲ್ಲುತ್ತಿದ್ದರೆ ಲೀಚ್ ಕೈಯಲ್ಲಿ ಮಡಿಸಿದ ಒಂದು ಕಾಗದ. ಅದರಲ್ಲಿ ಇರುತ್ತಿದ್ದ ಆಟಗಳಲ್ಲಿ ಒಂದರ ಹೆಸರು ಮೆಶ್. ಇಬ್ಬರು ರಿಸೀವರ್‌ಗಳು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ, ಆರು ಗಜ ಆಳದಲ್ಲಿ ಅಡ್ಡ ಓಡುತ್ತಾರೆ. ದಾಟುವಾಗ ಒಬ್ಬರ ಅಂಗೈ ಇನ್ನೊಬ್ಬರಿಗೆ ತಾಗಬೇಕು, ಅಷ್ಟು ಹತ್ತಿರ. ಬೆನ್ನಟ್ಟಿ ಬಂದ ಇಬ್ಬರು ಎದುರಾಳಿಗಳು ಒಬ್ಬರಿಗೊಬ್ಬರು ಡಿಕ್ಕಿಯಾಗದಿರಲು ಅರೆಕ್ಷಣ ತಡೆಯುತ್ತಾರೆ, ಆ ಅರೆಕ್ಷಣ ಸಾಕು. ಎದುರಾಳಿ ಬೆನ್ನಟ್ಟದೆ ಜಾಗ ಕಾಯುತ್ತಿದ್ದರೆ ರಿಸೀವರ್ ಓಟ ನಿಲ್ಲಿಸಿ ಇಬ್ಬರ ನಡುವಿನ ಸಂದಿಯಲ್ಲಿ ತಿರುಗಿ ನಿಲ್ಲುತ್ತಾನೆ. ಓದಬೇಕಾದದ್ದು ಇದೊಂದೇ. ಇದನ್ನು ದಿನವೂ, ವಾರವೂ, ವರ್ಷವೂ ಮಾಡಿಸಿದರು. ಲೀಚ್‌ರ ಪುಸ್ತಕ ಸುಲಭ ಅಂತ ಜನ ಹೇಳುವುದನ್ನು ನಾನು ಒಪ್ಪುವುದಿಲ್ಲ. ಅದು ಚಿಕ್ಕದು, ಅಷ್ಟೆ. ಚಿಕ್ಕದಾಗಿದ್ದರಿಂದಲೇ ಓದುವ ಅಭ್ಯಾಸಕ್ಕೆ ಸಮಯ ಉಳಿಯುತ್ತಿತ್ತು.

ಆ ತಂಡದ ಮೈಕಲ್ ಕ್ರ್ಯಾಬ್‌ಟ್ರೀ ಪ್ರೌಢಶಾಲೆಯಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿದ್ದವನು. 2007ರಲ್ಲಿ, ಆಡಿದ ಮೊದಲ ವರ್ಷವೇ, 134 ಸಲ ಚೆಂಡು ಹಿಡಿದು 1,962 ಗಜ, 22 ಟಚ್‌ಡೌನ್ ಗಳಿಸಿದ. ಹೊಸ ಹುಡುಗನಿಗೆ ತಕ್ಷಣ ಚೆಂಡು ಕೊಡಿ ಅನ್ನುವವರು ಈ ಅಂಕಿ ತೋರಿಸುತ್ತಾರೆ. ಅವನು 2006 ಪೂರ್ತಿ ಪಂದ್ಯವಾಡದೆ ಬರೀ ಅಭ್ಯಾಸ ಮಾಡಿದ್ದ ಅನ್ನುವುದನ್ನು ಬಿಟ್ಟುಬಿಡುತ್ತಾರೆ. 2008ರ ನವೆಂಬರ್ 1ರಂದು ಲಬಕ್ ಊರಿನಲ್ಲಿ, ದೇಶದ ಮೊದಲ ಸ್ಥಾನದಲ್ಲಿದ್ದ ಟೆಕ್ಸಸ್ ಎದುರು, ಕೊನೆಯ 8 ಸೆಕೆಂಡು ಉಳಿದಿದ್ದಾಗ ಕ್ವಾರ್ಟರ್‌ಬ್ಯಾಕ್ ಗ್ರಹಾಮ್ ಹ್ಯಾರೆಲ್ ಅವನತ್ತ ಚೆಂಡು ಎಸೆದದ್ದು ಪದ್ಧತಿಯ ಅತಿ ಹಳೆಯ ಆಟಗಳಲ್ಲಿ ಒಂದರಲ್ಲಿ: ನಾಲ್ವರು ನೆಟ್ಟಗೆ ಓಡುವುದು. ಕ್ರ್ಯಾಬ್‌ಟ್ರೀ ಅಂಚಿನ ಗೆರೆಯ ಬಳಿ ಹಿಂದಿರುಗಿ ಹಿಡಿದ, ಹಿಡಿದವನನ್ನು ಉರುಳಿಸಲು ಬಂದವರಿಂದ ಕಳಚಿಕೊಂಡು ಒಳಗೆ ಹೋದ. 39-33. ಗಡಿಯಾರದಲ್ಲಿ 1 ಸೆಕೆಂಡು.

ಚಿಕ್ಕದು ಮಾಡುವುದಕ್ಕೂ ಮಿತಿ ಇದೆ. ಕೋಚ್ ಆರ್ಟ್ ಬ್ರೈಲ್ಸ್ ಕಾಲದ ಬೇಲರ್ ತಂಡ ರಿಸೀವರ್‌ಗಳನ್ನು ಮೈದಾನದ ಅಂಚಿಗೇ ತಳ್ಳಿ ನಿಲ್ಲಿಸುತ್ತಿತ್ತು. ಚೆಂಡು ತನ್ನ ಕಡೆಗೆ ಬರುವ ಆಟವಲ್ಲದಿದ್ದರೆ ರಿಸೀವರ್ ಹೆಚ್ಚುಕಮ್ಮಿ ನಿಂತಲ್ಲೇ ದಣಿವಾರಿಸಿಕೊಳ್ಳುತ್ತಿದ್ದ. 2015ರಲ್ಲಿ ಕೋರಿ ಕೋಲ್ಮನ್ 20 ಟಚ್‌ಡೌನ್ ಹಿಡಿದು ಬಿಲೆಟ್‌ನಿಕಾಫ್ ಗೆದ್ದ. ಮರುವರ್ಷ ಎನ್‌ಎಫ್‌ಎಲ್ ಡ್ರಾಫ್ಟ್‌ನಲ್ಲಿ 15ನೆಯವನಾಗಿ ಆಯ್ಕೆಯಾದರೂ ಅಲ್ಲಿ ನೆಲೆ ನಿಲ್ಲಲಿಲ್ಲ. ಕೈ ಮುರಿದ ಗಾಯಗಳೂ ಅದಕ್ಕೆ ಕಾರಣ, ಆ ಮಾತು ಬಿಡಬಾರದು. ಆದರೂ ಕೇಳಬೇಕಾದ ಪ್ರಶ್ನೆ ಉಳಿಯುತ್ತದೆ: ನಾಲ್ಕು ವರ್ಷ ಕಲಿಸಲು ಕರೆತಂದ ಹುಡುಗನಿಗೆ ಓದುವುದನ್ನೇ ಕಲಿಸದಿದ್ದರೆ ಅದು ಯಾವ ಕಾಲೇಜು? ಅದೇ ಮನೆತನದ ಪದ್ಧತಿಯನ್ನು ಟೆನೆಸಿಯಲ್ಲಿ ಜಾಷ್ ಹ್ಯೂಪಲ್ ಆಡಿಸುತ್ತಾರೆ. ಅಲ್ಲಿ 2022ರ ಅಕ್ಟೋಬರ್ 15ರಂದು ಜೇಲನ್ ಹಯಟ್ ಅಲಬಾಮಾ ಎದುರು 5 ಟಚ್‌ಡೌನ್ ಹಿಡಿದ ದಿನ ನೋಡಿದವರು ಮರೆಯುವುದಿಲ್ಲ. ಅದು ಅವನ ಮೂರನೆಯ ವರ್ಷ. ಸರಳ ಅನ್ನುವ ಪುಸ್ತಕಕ್ಕೂ ಕಾಯುವಿಕೆ ತಪ್ಪಿದ್ದಲ್ಲ.

ಕಾಲೇಜು ಮೈದಾನದ ಅಳತೆಯೇ ಸರಳ ಆಟಕ್ಕೆ ಒತ್ತಾಸೆ ಕೊಡುತ್ತದೆ ಅನ್ನುವುದನ್ನು ಅಭಿಮಾನಿಗಳು ಲೆಕ್ಕಕ್ಕೆ ತೆಗೆದುಕೊಳ್ಳುವುದು ಕಡಿಮೆ. ಆಟ ಶುರುವಾಗುವ ಜಾಗವನ್ನು ಗೊತ್ತುಮಾಡುವ ಹ್ಯಾಶ್ ಗೆರೆಗಳ ನಡುವಿನ ಅಂತರ ಕಾಲೇಜಿನಲ್ಲಿ 40 ಅಡಿ, ಎನ್‌ಎಫ್‌ಎಲ್‌ನಲ್ಲಿ 18.5 ಅಡಿ. ಚೆಂಡು ಒಂದು ಬದಿಯ ಗೆರೆಯಲ್ಲಿದ್ದರೆ ಇನ್ನೊಂದು ಬದಿಗೆ ವಿಶಾಲ ಬಯಲು ಸಿಗುತ್ತದೆ. ಅಲ್ಲಿ ಒಬ್ಬ ವೇಗಿಯನ್ನು ಒಂಟಿಯಾಗಿ ನಿಲ್ಲಿಸುವುದೇ ಅರ್ಧ ಕೆಲಸ. ಇನ್ನು 2024ರಿಂದ ಕಾಲೇಜಿನಲ್ಲೂ ಕೋಚ್‌ನ ಮಾತು ಹೆಲ್ಮೆಟ್ಟಿನೊಳಗೆ ಕೇಳುವ ವ್ಯವಸ್ಥೆ ಬಂದಿದೆ. ಪುಸ್ತಕ ಇನ್ನು ಎಷ್ಟು ದಪ್ಪವಾದರೂ ತೊಂದರೆಯಿಲ್ಲ ಅನ್ನುವವರಿದ್ದಾರೆ. ಆ ಧ್ವನಿ ಮೈದಾನದಲ್ಲಿ ಒಬ್ಬನಿಗೆ ಮಾತ್ರ, ಸಾಮಾನ್ಯವಾಗಿ ಕ್ವಾರ್ಟರ್‌ಬ್ಯಾಕ್‌ಗೆ. ಪ್ರತಿ ಆಟ ಶುರುಮಾಡಲು ಇರುವ ಗಡಿಯಾರದಲ್ಲಿ 15 ಸೆಕೆಂಡು ಉಳಿದಾಗ ಅದೂ ನಿಲ್ಲುತ್ತದೆ. ಅಂಚಿನಲ್ಲಿ ನಿಂತ ರಿಸೀವರ್‌ನ ಕಿವಿಯಲ್ಲಿ ಒಂದು ಲಕ್ಷ ಜನರ ಗದ್ದಲವೇ ಇರುತ್ತದೆ.

ಹಾಗಾದರೆ ಒಳ್ಳೆಯ ಪುಸ್ತಕ ಯಾವುದು? ಹೊರಗಿನಿಂದ ಕ್ಲಿಷ್ಟ, ಒಳಗಿನಿಂದ ಸರಳ ಇರುವುದು. ಎದುರಾಳಿಯ ಕಣ್ಣಿಗೆ ಹತ್ತು ಬಗೆಯ ನಿಲುವು, ಅತ್ತಿತ್ತ ಸರಿಯುವ ಆಟಗಾರರು, ಪ್ರತಿ ಸಲ ಹೊಸ ಚಿತ್ರ. ರಿಸೀವರ್‌ನ ಪಾಲಿಗೆ ಅದೇ ನಾಲ್ಕಾರು ದಾರಿ, ಅದೇ ಒಂದೆರಡು ಪ್ರಶ್ನೆ. ಹೊರೆ ಯಾರ ತಲೆಯ ಮೇಲೆ ಕೂರುತ್ತದೆ ಅನ್ನುವುದರಿಂದ ಕೋಚ್‌ನನ್ನು ಅಳೆಯಬೇಕು. 2024ರಲ್ಲಿ ಒಹಾಯೊ ಸ್ಟೇಟ್‌ನ ಆಕ್ರಮಣ ನೋಡಿಕೊಂಡ ಚಿಪ್ ಕೆಲ್ಲಿ ಒರೆಗಾನ್‌ನಲ್ಲಿ ಇದನ್ನೇ ಮಾಡಿ ಹೆಸರಾದವರು. ಚಿತ್ರಗಳಿರುವ ದೊಡ್ಡ ರಟ್ಟುಗಳನ್ನು ಅಂಚಿನಿಂದ ಎತ್ತಿ ತೋರಿಸಿ, ಕೆಲವೇ ಆಟಗಳನ್ನು ಉಸಿರುಬಿಡದಂತೆ ಆಡಿಸುತ್ತಿದ್ದರು.

ಅವರ ಮೇಲೂ ಸಿಟ್ಟು ಬಂತು. ನವೆಂಬರ್ 30ರಂದು ಸ್ವಂತ ಮೈದಾನದಲ್ಲಿ ಮಿಶಿಗನ್ ಎದುರು 13-10ರಿಂದ ಸೋತಾಗ, ಅಂಚಿನಲ್ಲಿ ದೇಶದ ಅತ್ಯುತ್ತಮ ರಿಸೀವರ್‌ಗಳನ್ನು ನಿಲ್ಲಿಸಿಕೊಂಡು ಎದುರಾಳಿಯ ಅತಿ ಗಟ್ಟಿಯಾದ ನಡುಭಾಗಕ್ಕೇ ಮತ್ತೆಮತ್ತೆ ಓಡಿಸಿದ್ದಕ್ಕೆ ಜನ ಕುದಿದುಹೋದರು. ಆ ಕೋಪ ನ್ಯಾಯವಾದದ್ದೇ. ಆದರೆ ಪುಸ್ತಕ ಸಣ್ಣದು ಅನ್ನುವ ತೀರ್ಪು ತಪ್ಪು. ಮೂರು ವಾರದ ನಂತರ, ರಾಷ್ಟ್ರೀಯ ಪ್ರಶಸ್ತಿಯ ಪ್ಲೇಆಫ್‌ನಲ್ಲಿ, ಅದೇ ತಂಡ, ಅದೇ ಪುಸ್ತಕ, ಟೆನೆಸಿಯನ್ನು 42-17ರಿಂದ ಸೋಲಿಸಿತು, ಸ್ಮಿತ್ 2 ಟಚ್‌ಡೌನ್ ಹಿಡಿದ. ರೋಸ್ ಬೌಲ್‌ನಲ್ಲಿ ಒರೆಗಾನ್ ಎದುರು 187 ಗಜ, ಇನ್ನೆರಡು ಟಚ್‌ಡೌನ್. ಬದಲಾದದ್ದು ಯಾವ ಪುಟ ತೆರೆಯುತ್ತಾರೆ ಅನ್ನುವುದು.

ಸೆಮಿಫೈನಲ್‌ನಲ್ಲಿ ಟೆಕ್ಸಸ್ ಅವನ ಸುತ್ತ ಬೇಲಿ ಹಾಕಿತು. ಇಡೀ ರಾತ್ರಿ ಅವನು ಹಿಡಿದದ್ದು ಒಂದೇ ಚೆಂಡು, 3 ಗಜ. ತಂಡ 28-14ರಿಂದ ಗೆದ್ದಿತು, ಯಾಕೆಂದರೆ ಅವನನ್ನು ಕಾಯಲು ಹೋದವರು ಬಿಟ್ಟ ಜಾಗದಲ್ಲಿ ಕಾರ್ನೆಲ್ ಟೇಟ್ ಮತ್ತಿತರರಿಗೆ ಚೆಂಡು ಸಿಕ್ಕಿತು. ಅಂಕಿಪಟ್ಟಿಯಲ್ಲಿ ಸೋತ ರಾತ್ರಿಯಂತೆ ಕಾಣುವ ಇದನ್ನು ನಾನು ಅವನ ವರ್ಷದ ದೊಡ್ಡ ಪಂದ್ಯಗಳಲ್ಲಿ ಸೇರಿಸುತ್ತೇನೆ. ಚೆಂಡು ಬರುವುದಿಲ್ಲ ಅಂತ ಗೊತ್ತಿದ್ದೂ ಪೂರ್ತಿ ವೇಗದಲ್ಲಿ ಓಡುವುದನ್ನು ಯಾವ ಅಂಕಿಯೂ ಹೇಳುವುದಿಲ್ಲ.

ಹತ್ತು ದಿನದ ನಂತರ, 2025ರ ಜನವರಿ 20ರಂದು, ಅಟ್ಲಾಂಟಾದಲ್ಲಿ ಫೈನಲ್. ಎದುರಾಳಿ ನೋಟರ್ ಡೇಮ್. 31-7ರಿಂದ ಮುಂದಿದ್ದ ಒಹಾಯೊ ಸ್ಟೇಟ್ ಈಗ 31-23ಕ್ಕೆ ಇಳಿದಿತ್ತು, ಆಟ ಮುಗಿಯಲು ಮೂರು ನಿಮಿಷವೂ ಇರಲಿಲ್ಲ. ಮೂರನೆಯ ಪ್ರಯತ್ನ, ಚೆಂಡು ಕೈಯಲ್ಲೇ ಉಳಿಯಲು ಬೇಕಾದದ್ದು 11 ಗಜ. ಇಂಥ ಹೊತ್ತಿಗೆ ಜಾಗರೂಕ ಕೋಚ್ ಓಡಿಸಿ ಗಡಿಯಾರ ಕರಗಿಸುತ್ತಾನೆ. ಕೆಲ್ಲಿ ಎಸೆಯಲು ಹೇಳಿದರು. ಸ್ಮಿತ್ ಅಂಚಿಗೆ ಹೋಗಿ ನಿಂತ. ಒಂದು ವರ್ಷ ಕಲಿತ ಪುಸ್ತಕದಲ್ಲಿ ಆ ಕ್ಷಣಕ್ಕೆ ಅವನು ಓದಬೇಕಿದ್ದದ್ದು ಒಂದೇ ಸಾಲು: ಎದುರಿಗೆ ಒಬ್ಬನೋ, ಇಬ್ಬರೋ. ಒಬ್ಬನೇ ಇದ್ದ. ಒಳಕ್ಕೆ ಒಂದು ಹೆಜ್ಜೆ ತೋರಿಸಿ, ಹೊರಕ್ಕೆ ಜಾರಿ, ಸ್ಮಿತ್ ನೆಟ್ಟಗೆ ಓಡಿದ. ಕ್ವಾರ್ಟರ್‌ಬ್ಯಾಕ್ ವಿಲ್ ಹವರ್ಡ್ ಎಸೆದ ಚೆಂಡು ಭುಜದ ಮೇಲಿಂದ ಇಳಿದು ಅವನ ಕೈಗೆ ಬಂತು. 56 ಗಜ.